ಇಗ್ನೇಷಿಯಸ್ ಲೊಯೋಲಾ

ಸಂತ ಇಗ್ನೇಷಿಯಸ್ ಲೊಯೋಲಾ (1491 – 31 ಜುಲೈ 1556) ಸ್ಪೇನ್ ದೇಶದ ಬಾಸ್ಕ್ ಪ್ರಾಂತ್ಯದಲ್ಲಿ ಜನಿಸಿದ ಕಥೋಲಿಕ ಗುರು, ಯೇಸುಸಭೆಯ ಸ್ಥಾಪಕರಲ್ಲಿ ಪ್ರಮುಖರು ಹಾಗೂ ಅದರ ಮೊದಲ ಮಹಾಧಿಕಾರಿ. ಯೌವನದಲ್ಲಿ ರಾಜಾಸ್ಥಾನದ ಸೇವಕರೂ ಯೋಧರೂ ಆಗಿದ್ದ ಇವರು ಯುದ್ಧದಲ್ಲಿ ಕಾಲಿಗೆ ಬಿದ್ದ ಪೆಟ್ಟಿನ ನಂತರ ಧಾರ್ಮಿಕ ಜೀವನದತ್ತ ತಿರುಗಿದರು. ಇವರು ರಚಿಸಿದ ಆಧ್ಯಾತ್ಮಿಕ ಸಾಧನೆಗಳು ಎಂಬ ಕೈಪಿಡಿಯು ಕ್ರೈಸ್ತ ಪ್ರಾರ್ಥನೆಯನ್ನು ನಡಿಗೆ, ಓಟಗಳಂತಹ ದೈಹಿಕ ವ್ಯಾಯಾಮಕ್ಕೆ ಹೋಲಿಸಿ, ಕ್ರಮಬದ್ಧವಾದ ತರಬೇತಿಯಾಗಿ ನಿರೂಪಿಸುತ್ತದೆ. ಕರ್ನಾಟಕದಲ್ಲಿ ಇವರ ಹೆಸರು ಮುಖ್ಯವಾಗಿ ಯೇಸುಸಭೆಯವರು ನಡೆಸುವ ವಿದ್ಯಾಸಂಸ್ಥೆಗಳ ಮೂಲಕ ಪರಿಚಿತವಾಗಿದೆ.

ಆರಂಭಿಕ ಜೀವನ

ಇಗ್ನೇಷಿಯಸ್ ಅವರ ಮೂಲ ಹೆಸರು ಇನಿಗೊ. ಬಾಸ್ಕ್ ಪ್ರಾಂತ್ಯದ ಅಜ್ಪೈತಿಯಾ ಪಟ್ಟಣದ ಸಮೀಪದಲ್ಲಿರುವ ಲೊಯೋಲಾ ಕೋಟೆಮನೆಯಲ್ಲಿ, ಒಂದು ಪಾಳೆಯಗಾರ ಮನೆತನದ ಹದಿಮೂರು ಮಕ್ಕಳಲ್ಲಿ ಕಿರಿಯವರಾಗಿ ಜನಿಸಿದರು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಇವರು ಊರಿನ ಕಮ್ಮಾರನೊಬ್ಬನ ಹೆಂಡತಿಯ ಆರೈಕೆಯಲ್ಲಿ ಬೆಳೆದರು. ಹದಿಹರೆಯದಲ್ಲಿ ಕ್ಯಾಸ್ಟೀಲ್ ರಾಜ್ಯದ ಕೋಶಾಧಿಕಾರಿಯ ಮನೆಗೆ ಸೇವೆಗೆಂದು ಹೋಗಿ, ಅಲ್ಲಿ ಆಸ್ಥಾನದ ನಡೆನುಡಿ, ಕತ್ತಿವರಸೆ, ಕುದುರೆ ಸವಾರಿಗಳನ್ನು ಕಲಿತರು. ವೀರಗಾಥೆಗಳ ಓದು, ಉಡುಗೆಯ ಬೆಡಗು ಮತ್ತು ಕೀರ್ತಿಯ ಹಂಬಲ ಆ ವರ್ಷಗಳ ಇನಿಗೊ ಅವರನ್ನು ಆಳುತ್ತಿದ್ದವು. ಕೋಶಾಧಿಕಾರಿಯ ಮರಣದ ನಂತರ ಅವರು ನವಾರಾ ಪ್ರಾಂತ್ಯದ ರಾಜಪ್ರತಿನಿಧಿಯಾಗಿದ್ದ ನಾಹೆರಾದ ಡ್ಯೂಕನ ಸೇವೆಗೆ ಸೇರಿದರು.

ಗಾಯ ಮತ್ತು ಮನಪರಿವರ್ತನೆ

1521ರಲ್ಲಿ ಫ್ರೆಂಚ್ ಸೇನೆಯು ನವಾರಾದ ರಾಜಧಾನಿ ಪಾಂಪ್ಲೋನಾವನ್ನು ಮುತ್ತಿತು. ಕೋಟೆಯೊಳಗಿದ್ದವರ ಸಂಖ್ಯೆ ಬಹಳ ಕಡಿಮೆಯಿದ್ದು, ಹಲವರು ಶರಣಾಗತಿಯ ಪರವಾಗಿದ್ದರೂ ಇನಿಗೊ ಹೋರಾಟವನ್ನು ಮುಂದುವರಿಸಲು ಒತ್ತಾಯಿಸಿದರು. ಮೇ 20ರಂದು ಫಿರಂಗಿಯ ಗುಂಡೊಂದು ಅವರ ಬಲಗಾಲಿನ ಮೂಳೆಯನ್ನು ಮುರಿದು, ಎಡಗಾಲಿಗೂ ಗಾಯ ಮಾಡಿತು. ಅವರು ಬಿದ್ದೊಡನೆ ಕೋಟೆ ಶತ್ರುವಶವಾಯಿತು. ಫ್ರೆಂಚರು ಅವರನ್ನು ಗೌರವದಿಂದ ನಡೆಸಿಕೊಂಡು ಡೋಲಿಯಲ್ಲಿ ಲೊಯೋಲಾಕ್ಕೆ ಕಳುಹಿಸಿದರು.

ಸರಿಯಾಗಿ ಕೂಡದ ಮೂಳೆಯನ್ನು ವೈದ್ಯರು ಮತ್ತೆ ಮುರಿದು ಕೂಡಿಸಬೇಕಾಯಿತು. ಅನಂತರವೂ ಮಂಡಿಯ ಕೆಳಗೆ ಮೂಳೆಯ ತುಣುಕೊಂದು ಉಬ್ಬಿಕೊಂಡಿತ್ತು. ಬಿಗಿಯಾದ ಬೂಟುಗಳನ್ನು ಧರಿಸಲು ಅದು ಅಡ್ಡಿಯೆಂಬ ಒಂದೇ ಕಾರಣಕ್ಕೆ ಇನಿಗೊ ಅದನ್ನು ಗರಗಸದಿಂದ ಕತ್ತರಿಸಿಕೊಂಡರು. ಅರಿವಳಿಕೆ ಇಲ್ಲದ ಆ ಕಾಲದಲ್ಲಿ ಅವರು ಮುಷ್ಟಿ ಬಿಗಿಹಿಡಿದು ನೋವನ್ನು ಸಹಿಸಿದರು. ಕುಗ್ಗಿದ ಕಾಲನ್ನು ಭಾರ ಕಟ್ಟಿ ಎಳೆದರೂ ಅದು ಮೊದಲಿನಷ್ಟು ಉದ್ದವಾಗಲಿಲ್ಲ. ಅವರು ಜೀವನಪೂರ್ತಿ ಕುಂಟುತ್ತಲೇ ನಡೆದರು.

ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಓದಲು ವೀರಗಾಥೆಗಳು ಸಿಗದೆ, ಮನೆಯಲ್ಲಿದ್ದ ಕ್ರಿಸ್ತನ ಜೀವನ ಮತ್ತು ಸಂತರ ಚರಿತ್ರೆಗಳನ್ನು ಓದತೊಡಗಿದರು. ಆಸ್ಥಾನದ ಕೀರ್ತಿಯ ಕನಸುಗಳು ಆ ಕ್ಷಣಕ್ಕೆ ಹಿತವೆನಿಸಿದರೂ ಬಳಿಕ ಮನಸ್ಸನ್ನು ಬರಿದಾಗಿಸುತ್ತವೆ, ಸಂತರಂತೆ ಬದುಕುವ ಯೋಚನೆಯಾದರೋ ಕಳೆದ ಮೇಲೂ ನೆಮ್ಮದಿಯನ್ನು ಉಳಿಸುತ್ತದೆ ಎಂಬುದನ್ನು ಅವರು ಗಮನಿಸಿದರು. ಒಳಮನಸ್ಸಿನ ಇಂತಹ ಚಲನೆಗಳನ್ನು ಗುರುತಿಸಿ ತೂಗಿನೋಡುವ ಈ ಕ್ರಮವೇ ಮುಂದೆ ಅವರ ಬೋಧನೆಯ ಬುನಾದಿಯಾಯಿತು.

ಮನ್ರೇಸಾದ ತಪಸ್ಸು

1522ರ ಮಾರ್ಚ್‌ನಲ್ಲಿ ಇನಿಗೊ ಮೊಂಟ್ಸೆರಾತ್ ಬೆಟ್ಟದ ಮಠಕ್ಕೆ ಹೋಗಿ, ತಮ್ಮ ಬೆಲೆಬಾಳುವ ಉಡುಪನ್ನು ಭಿಕ್ಷುಕನೊಬ್ಬನಿಗೆ ಕೊಟ್ಟು, ಗೋಣಿಬಟ್ಟೆಯ ನಿಲುವಂಗಿ ತೊಟ್ಟರು. ಮಾತೆ ಮರಿಯಳ ಪೀಠದ ಮುಂದೆ ರಾತ್ರಿಯಿಡೀ ಜಾಗರಣೆ ಮಾಡಿ ಕತ್ತಿಯನ್ನು ಅಲ್ಲಿಯೇ ಒಪ್ಪಿಸಿದರು. ಬಳಿಕ ಸಮೀಪದ ಮನ್ರೇಸಾ ಪಟ್ಟಣದಲ್ಲಿ ಸುಮಾರು ಹನ್ನೊಂದು ತಿಂಗಳು ತಂಗಿದರು.

ಸಂತರು ಮಾಡಿದ್ದನ್ನೆಲ್ಲ ತಾನೂ ಮಾಡಬೇಕು, ಅವರನ್ನೂ ಮೀರಿಸಬೇಕು ಎಂಬ ಪಣ ಆಗ ಅವರಲ್ಲಿತ್ತು. ಯೋಧನ ಹಳೆಯ ಸ್ಪರ್ಧಾಮನೋಭಾವವು ಈಗ ತಪಸ್ಸಿನ ಅಂಗಳಕ್ಕೆ ಬಂದಿತ್ತು. ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರು. ಭಿಕ್ಷೆಯ ಅನ್ನವನ್ನಷ್ಟೇ ಉಂಡು, ಮಾಂಸ ಹಾಗೂ ದ್ರಾಕ್ಷಾರಸವನ್ನು ತ್ಯಜಿಸಿದರು. ಹಿಂದೆ ಬಹಳ ಒಪ್ಪವಾಗಿಟ್ಟುಕೊಳ್ಳುತ್ತಿದ್ದ ಕೂದಲು, ಉಗುರುಗಳನ್ನು ಹಾಗೆಯೇ ಬೆಳೆಯಬಿಟ್ಟರು. ಆದರೆ ನೆಮ್ಮದಿ ದೊರೆಯಲಿಲ್ಲ. ನಿವೇದಿಸಿಕೊಂಡ ಪಾಪಗಳೇ ಮತ್ತೆ ಮತ್ತೆ ಕಾಡತೊಡಗಿ, ಆತ್ಮಹತ್ಯೆಯ ಯೋಚನೆಯವರೆಗೂ ಅವರನ್ನು ಒಯ್ದವು. ಒಂದು ವಾರ ಏನನ್ನೂ ತಿನ್ನದೆ ಕಳೆದಾಗ, ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಉಪವಾಸವನ್ನು ನಿಲ್ಲಿಸುವಂತೆ ಆಜ್ಞಾಪಿಸಬೇಕಾಯಿತು.

ಕ್ರಮೇಣ ಅವರು ಕೂದಲು, ಉಗುರು ಕತ್ತರಿಸಿಕೊಂಡರು. ಮಾಂಸಾಹಾರವನ್ನು ಪುನಃ ಸ್ವೀಕರಿಸಿದರು. ನಿದ್ರೆಗೆ ಮೀಸಲಾದ ಹೊತ್ತನ್ನು ನಿದ್ರೆಗೇ ಬಿಟ್ಟರು. ಕಾರ್ಡೊನೆರ್ ನದಿಯ ದಂಡೆಯಲ್ಲಿ ಕುಳಿತಿದ್ದಾಗ ಉಂಟಾದ ಒಂದು ಅರಿವನ್ನು ಅವರು ಕೊನೆಯವರೆಗೂ ತಮ್ಮ ಬದುಕಿನ ಅತಿದೊಡ್ಡ ಬೆಳಕೆಂದು ಭಾವಿಸಿದ್ದರು. ಆಧ್ಯಾತ್ಮಿಕ ಸಾಧನೆಗಳು ಕೃತಿಯ ಮೊದಲ ಟಿಪ್ಪಣಿಗಳು ರೂಪುಗೊಂಡದ್ದು ಇಲ್ಲಿಯೇ. ಅತಿಯಾದ ದೇಹದಂಡನೆಯಿಂದ ಕೆಟ್ಟ ಆರೋಗ್ಯ ಮಾತ್ರ ಪೂರ್ಣವಾಗಿ ಸುಧಾರಿಸಲಿಲ್ಲ.

ಯಾತ್ರೆ ಮತ್ತು ವಿದ್ಯಾಭ್ಯಾಸ

1523ರಲ್ಲಿ ಬಾರ್ಸಿಲೋನಾ, ರೋಮ್ ಮತ್ತು ವೆನಿಸ್ ಮಾರ್ಗವಾಗಿ ಭಿಕ್ಷೆ ಬೇಡುತ್ತ ಜೆರುಸಲೇಮನ್ನು ತಲುಪಿದರು. ಅಲ್ಲಿಯೇ ನೆಲೆಸುವ ಇಚ್ಛೆಯಿದ್ದರೂ, ಪವಿತ್ರ ಸ್ಥಳಗಳ ಉಸ್ತುವಾರಿ ಹೊತ್ತಿದ್ದ ಫ್ರಾನ್ಸಿಸ್ಕನ್ ಸನ್ಯಾಸಿಗಳು ಅದಕ್ಕೆ ಒಪ್ಪಲಿಲ್ಲ. ಜನರಿಗೆ ನೆರವಾಗಲು ವಿದ್ಯೆ ಬೇಕೆಂದು ಮನಗಂಡು ಸ್ಪೇನ್‌ಗೆ ಮರಳಿದ ಅವರು, ಮೂವತ್ತು ದಾಟಿದ ವಯಸ್ಸಿನಲ್ಲಿ ಬಾರ್ಸಿಲೋನಾದ ಶಾಲೆಯಲ್ಲಿ ಲ್ಯಾಟಿನ್ ವ್ಯಾಕರಣವನ್ನು ಮೊದಲಿನಿಂದ ಕಲಿತರು. ಅಲ್ಕಲಾ ಮತ್ತು ಸಲಮಾಂಕಾ ವಿಶ್ವವಿದ್ಯಾಲಯಗಳಲ್ಲಿ ಓದುತ್ತ ಜನರಿಗೆ ಪ್ರಾರ್ಥನೆ ಕಲಿಸುತ್ತಿದ್ದುದರಿಂದ ಧಾರ್ಮಿಕ ವಿಚಾರಣೆಗೆ ಗುರಿಯಾಗಿ, ಎರಡೂ ಕಡೆ ಸೆರೆವಾಸ ಅನುಭವಿಸಿದರು. ಬೋಧನೆಯಲ್ಲಿ ದೋಷ ಕಂಡುಬರಲಿಲ್ಲವಾದರೂ ಅವರ ಮೇಲೆ ನಿರ್ಬಂಧಗಳನ್ನು ಹೇರಲಾಯಿತು.

1528ರ ಫೆಬ್ರವರಿಯಲ್ಲಿ ಕಾಲ್ನಡಿಗೆಯಲ್ಲಿಯೇ ಪ್ಯಾರಿಸ್ ತಲುಪಿ, ಅಲ್ಲಿ ಏಳು ವರ್ಷ ಓದಿದರು. ಇಗ್ನೇಷಿಯಸ್ ಎಂಬ ಹೆಸರು ಬಳಕೆಗೆ ಬಂದದ್ದು ಈ ಅವಧಿಯಲ್ಲಿ. ಸೇಂಟ್ ಬಾರ್ಬ್ ಕಾಲೇಜಿನಲ್ಲಿ ಪಿಯರ್ ಫಾವ್ರ್ ಮತ್ತು ಫ್ರಾನ್ಸಿಸ್ ಕ್ಸೇವಿಯರ್ ಇವರ ಕೋಣೆಯ ಸಂಗಡಿಗರಾದರು. ಕ್ಸೇವಿಯರ್ ಓಟ ಮತ್ತು ಜಿಗಿತಗಳಲ್ಲಿ ಹೆಸರು ಮಾಡಿದ್ದ ಕ್ರೀಡಾಪಟು. ಆ ಹೆಮ್ಮೆಗೆ ಪ್ರಾಯಶ್ಚಿತ್ತವಾಗಿ ಅವರು ತಮ್ಮ ಕಾಲುಗಳಿಗೆ ಹಗ್ಗವನ್ನು ಬಿಗಿದುಕೊಂಡು ಅಪಾಯಕ್ಕೆ ಒಳಗಾದರೆಂದು ಯೇಸುಸಭೆಯ ಹಳೆಯ ಚರಿತ್ರಕಾರರು ದಾಖಲಿಸಿದ್ದಾರೆ. 1534ರ ಆಗಸ್ಟ್ 15ರಂದು ಇಗ್ನೇಷಿಯಸ್ ಮತ್ತು ಆರು ಮಂದಿ ಸಂಗಡಿಗರು ಮೊಂಮಾರ್ತ್ರ್ ಗುಡ್ಡದ ದೇವಾಲಯದಲ್ಲಿ ಬಡತನ ಹಾಗೂ ಬ್ರಹ್ಮಚರ್ಯದ ವ್ರತ ತೊಟ್ಟರು. 1537ರ ಜೂನ್ 24ರಂದು ವೆನಿಸ್‌ನಲ್ಲಿ ಇಗ್ನೇಷಿಯಸ್ ಅವರಿಗೆ ಗುರುದೀಕ್ಷೆಯಾಯಿತು.

ಆಧ್ಯಾತ್ಮಿಕ ಸಾಧನೆಗಳು

ಈ ಕೃತಿಗೆ 1548ರ ಜುಲೈ 31ರಂದು ಮೂರನೇ ಪೌಲ್ ಪೋಪರ ಅಂಗೀಕಾರ ದೊರೆಯಿತು. ಇದು ಓದಿ ಮುಗಿಸುವ ಗ್ರಂಥವಲ್ಲ. ಸಾಧಕನಿಗೆ ದಾರಿ ತೋರುವ ಮಾರ್ಗದರ್ಶಿಯ ಕೈಪಿಡಿ. ಹೆಸರಿನಲ್ಲಿರುವ ಸಾಧನೆ ಎಂಬ ಮಾತಿಗೆ ಮೂಲದಲ್ಲಿ ವ್ಯಾಯಾಮ ಎಂದೇ ಅರ್ಥ. ನಡೆಯುವುದು, ಓಡುವುದು ದೇಹಕ್ಕೆ ವ್ಯಾಯಾಮವಾಗುವಂತೆ ಧ್ಯಾನ, ಪ್ರಾರ್ಥನೆ, ಆತ್ಮಪರೀಕ್ಷೆಗಳು ಆತ್ಮಕ್ಕೆ ವ್ಯಾಯಾಮವಾಗುತ್ತವೆ ಎಂಬ ವಿವರಣೆ ಕೃತಿಯ ಮೊದಲ ಟಿಪ್ಪಣಿಯಲ್ಲಿಯೇ ಇದೆ.

ಈ ಹೋಲಿಕೆ ಕ್ರೈಸ್ತ ಪರಂಪರೆಯಲ್ಲಿ ಬಹಳ ಹಳೆಯದು. ಕೊರಿಂಥ ನಗರದ ಬಳಿ ಪುರಾತನ ಗ್ರೀಸಿನ ಪ್ರಸಿದ್ಧ ಇಸ್ತ್ಮಿಯನ್ ಕ್ರೀಡೆಗಳು ನಡೆಯುತ್ತಿದ್ದವು. ಆ ನಗರದ ಕ್ರೈಸ್ತರಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು, ಬಾಡಿಹೋಗುವ ಎಲೆಗಳ ಕಿರೀಟಕ್ಕಾಗಿ ಸಂಯಮ ಪಾಲಿಸುವ ಓಟಗಾರರನ್ನು ವಿಶ್ವಾಸಿಗಳಿಗೆ ಮಾದರಿಯಾಗಿ ತೋರಿಸುತ್ತಾರೆ. ತಪಸ್ಸಿಗೆ ಬಳಕೆಯಾಗುವ ಅಸ್ಕೆಸಿಸ್ ಎಂಬ ಗ್ರೀಕ್ ಪದ ಮೊದಲು ಸೂಚಿಸುತ್ತಿದ್ದುದು ಕ್ರೀಡಾಪಟುವಿನ ಅಭ್ಯಾಸವನ್ನೇ. ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳನ್ನೂ ಆದಿಕಾಲದ ಲೇಖಕರು ದೇವರ ಮಲ್ಲರೆಂಬಂತೆ ವರ್ಣಿಸಿದ್ದರು.

ಇಗ್ನೇಷಿಯಸ್ ಅವರ ವೈಶಿಷ್ಟ್ಯವೆಂದರೆ ಹೋಲಿಕೆಯನ್ನು ಅಲಂಕಾರವಾಗಿ ಉಳಿಸದೆ ಅದನ್ನು ಒಂದು ವಿಧಾನವಾಗಿಸಿದ್ದು. ಪೂರ್ಣ ಸಾಧನೆಯ ಅವಧಿ ಸುಮಾರು ಮೂವತ್ತು ದಿನ. ಅದನ್ನು ನಾಲ್ಕು ವಾರಗಳೆಂದು ಕರೆಯುವ ಹಂತಗಳಾಗಿ ವಿಂಗಡಿಸಲಾಗಿದೆ: ತನ್ನ ಪಾಪದ ಅರಿವು, ಕ್ರಿಸ್ತನ ಜೀವನ, ಆತನ ಯಾತನೆ ಹಾಗೂ ಪುನರುತ್ಥಾನ. ವಾರವೆಂದರೆ ಏಳೇ ದಿನವಲ್ಲ. ಸಾಧಕನ ಪ್ರಗತಿಗೆ ತಕ್ಕಂತೆ ಅದನ್ನು ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು. ದಿನದಲ್ಲಿ ಸಾಮಾನ್ಯವಾಗಿ ಐದು ಬಾರಿ ತಲಾ ಒಂದು ಗಂಟೆಯ ಪ್ರಾರ್ಥನೆ ಇರುತ್ತದೆ. ತಿದ್ದಿಕೊಳ್ಳಬೇಕಾದ ಒಂದು ನಿರ್ದಿಷ್ಟ ದೋಷವನ್ನು ಆರಿಸಿಕೊಂಡು, ಅದು ಎಷ್ಟು ಸಲ ನಡೆಯಿತೆಂದು ದಿನಕ್ಕೆರಡು ಬಾರಿ ಗೆರೆಗಳ ಮೇಲೆ ಗುರುತು ಹಾಕಿ, ಇಂದಿನ ಲೆಕ್ಕವನ್ನು ನಿನ್ನೆಯದರೊಂದಿಗೆ, ಈ ವಾರದ್ದನ್ನು ಹಿಂದಿನ ವಾರದೊಂದಿಗೆ ಹೋಲಿಸಬೇಕು. ದೂರದ ಓಟಗಾರರು ಇಡುವ ತರಬೇತಿ ದಿನಚರಿಗೆ ಇದು ಬಹಳ ಹತ್ತಿರದ್ದು.

ಸಹನಶಕ್ತಿಯನ್ನು ಕುರಿತ ಸೂಚನೆಗಳೂ ಇಲ್ಲಿವೆ. ಮನಸ್ಸು ಬತ್ತಿ ಪ್ರಾರ್ಥನೆ ಬೇಸರ ತರುವ ಕಾಲದಲ್ಲಿ, ಹಿಂದೆ ನೆಮ್ಮದಿಯಿದ್ದಾಗ ಕೈಗೊಂಡ ನಿರ್ಧಾರವನ್ನು ಬದಲಿಸಬಾರದು. ನಿಗದಿತ ಗಂಟೆಗಿಂತ ಸ್ವಲ್ಪ ಹೆಚ್ಚೇ ಕುಳಿತುಕೊಳ್ಳಬೇಕು. ಹಾಗೆಯೇ, ಸಾಧನೆಯು ಸಾಧಕನ ವಯಸ್ಸು, ವಿದ್ಯೆ ಮತ್ತು ಶಕ್ತಿಗೆ ಹೊಂದಿಕೆಯಾಗಬೇಕು; ಅವನು ಹೊರಲಾರದ ಭಾರವನ್ನು ಹೊರಿಸಬಾರದು. ಉದ್ಯೋಗ, ವ್ಯವಹಾರಗಳನ್ನು ಬಿಟ್ಟು ಬರಲಾಗದವರು ದಿನಕ್ಕೆ ಒಂದೂವರೆ ಗಂಟೆ ಮೀಸಲಿಟ್ಟು ದೀರ್ಘ ಅವಧಿಯಲ್ಲಿ ಇದನ್ನು ಪೂರೈಸುವ ಏರ್ಪಾಡನ್ನು ಹತ್ತೊಂಬತ್ತನೇ ಟಿಪ್ಪಣಿ ವಿವರಿಸುತ್ತದೆ.

ಹೋಲಿಕೆಗೆ ಮಿತಿಯೂ ಇದೆ. ಕ್ರೀಡಾಪಟುವಿನ ಗುರಿ ಗೆಲುವು ಅಥವಾ ಉತ್ತಮ ಸಮಯ. ಇಗ್ನೇಷಿಯಸ್ ಅವರ ದೃಷ್ಟಿಯಲ್ಲಿ ಸಾಧನೆಯ ಗುರಿ, ತಪ್ಪು ಮೋಹಗಳಿಂದ ಬಿಡುಗಡೆ ಹೊಂದಿ ದೇವರ ಚಿತ್ತವನ್ನು ಅರಿಯುವುದು. ಆ ಅರಿವು ಸಾಧಕನ ಗಳಿಕೆಯಲ್ಲ, ಕೃಪೆ. ತಪಸ್ಸಿನಲ್ಲಿ ಪೈಪೋಟಿಗಿಳಿದರೆ ಏನಾಗುತ್ತದೆಂಬುದನ್ನು ಮನ್ರೇಸಾದಲ್ಲಿ ಅವರು ಸ್ವತಃ ಕಂಡಿದ್ದರು. ಆದ್ದರಿಂದಲೇ 1547ರಲ್ಲಿ ಪೋರ್ಚುಗಲ್‌ನ ಕೊಯಿಂಬ್ರಾದ ಯುವ ಸದಸ್ಯರಿಗೆ ಬರೆದ ಪತ್ರದಲ್ಲಿ ವಿವೇಕವಿಲ್ಲದ ಉತ್ಸಾಹದ ಅಪಾಯಗಳನ್ನು ವಿವರಿಸಿದರು. ಮರುವರ್ಷ ಗಾಂಡಿಯಾದ ಡ್ಯೂಕ್ ಫ್ರಾನ್ಸಿಸ್ ಬೋರ್ಜಿಯಾ ಅವರಿಗೆ ಉಪವಾಸ ಮತ್ತು ದೇಹದಂಡನೆಯನ್ನು ಕಡಿಮೆ ಮಾಡುವಂತೆ, ಶರೀರವನ್ನೂ ದೇವರ ಕೊಡುಗೆಯೆಂದು ಕಾಪಾಡಿಕೊಳ್ಳುವಂತೆ ಸಲಹೆ ನೀಡಿದರು.

ಯೇಸುಸಭೆಯ ನಾಯಕತ್ವ

1540ರ ಸೆಪ್ಟೆಂಬರ್ 27ರಂದು ಮೂರನೇ ಪೌಲ್ ಪೋಪರು ಯೇಸುಸಭೆಗೆ ಅಧಿಕೃತ ಮಾನ್ಯತೆ ನೀಡಿದರು. 1541ರ ಏಪ್ರಿಲ್‌ನಲ್ಲಿ ಸಂಗಡಿಗರು ಇಗ್ನೇಷಿಯಸ್ ಅವರನ್ನು ಮಹಾಧಿಕಾರಿಯಾಗಿ ಆರಿಸಿದರು. ಯುರೋಪನ್ನು ಕಾಲ್ನಡಿಗೆಯಲ್ಲಿ ಸುತ್ತಿದ್ದ ಯಾತ್ರಿಕ ಮುಂದಿನ ಹದಿನೈದು ವರ್ಷಗಳನ್ನು ಹೆಚ್ಚಾಗಿ ರೋಮ್‌ನ ಕೆಲವು ಕೋಣೆಗಳಲ್ಲಿ ಕಳೆದರು. ಸಭೆಯ ಸಂವಿಧಾನವನ್ನು ರಚಿಸಿದರು. ಸುಮಾರು ಏಳು ಸಾವಿರ ಪತ್ರಗಳ ಮೂಲಕ ದೂರದೇಶಗಳ ಸದಸ್ಯರಿಗೆ ಮಾರ್ಗದರ್ಶನ ಮಾಡಿದರು. ಸದಸ್ಯರಿಗೆ ಕಡ್ಡಾಯ ಉಪವಾಸಗಳನ್ನಾಗಲಿ ವಿಶೇಷ ಉಡುಪನ್ನಾಗಲಿ ಅವರು ವಿಧಿಸಲಿಲ್ಲ. 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ, 1551ರಲ್ಲಿ ರೋಮ್‌ನಲ್ಲಿ ಕಾಲೇಜುಗಳು ಆರಂಭಗೊಂಡು, ಶಿಕ್ಷಣವು ಸಭೆಯ ಪ್ರಧಾನ ಕಾರ್ಯವಾಯಿತು. ತಮ್ಮ ಬದುಕಿನ ಕಥೆಯನ್ನು 1553 ಮತ್ತು 1555ರ ನಡುವೆ ಗೊನ್ಸಾಲ್ವೆಸ್ ದ ಕಾಮರಾ ಅವರಿಗೆ ಹೇಳಿ ಬರೆಸಿದರು. ಅದರಲ್ಲಿ ಅವರು ತಮ್ಮನ್ನು ಯಾತ್ರಿಕನೆಂದು ಕರೆದುಕೊಂಡಿದ್ದಾರೆ.

ನಿಧನ ಮತ್ತು ಸಂತ ಪದವಿ

ದೀರ್ಘಕಾಲದ ಹೊಟ್ಟೆನೋವಿನಿಂದ ಬಳಲುತ್ತಿದ್ದ ಇಗ್ನೇಷಿಯಸ್ 1556ರ ಜುಲೈ 31ರಂದು ರೋಮ್‌ನಲ್ಲಿ ನಿಧನರಾದರು. ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞ ರೆಯಾಲ್ಡೊ ಕೊಲಂಬೊ ನಡೆಸಿದ ಶವಪರೀಕ್ಷೆಯಲ್ಲಿ ಅವರ ಒಳಾಂಗಗಳಲ್ಲಿ ಹಲವಾರು ಕಲ್ಲುಗಳು ಪತ್ತೆಯಾದವು. ಅವರು ತೀರಿಕೊಂಡಾಗ ಸಭೆಯ ಸದಸ್ಯರ ಸಂಖ್ಯೆ ಸುಮಾರು ಸಾವಿರಕ್ಕೆ ಏರಿತ್ತು. 1622ರ ಮಾರ್ಚ್ 12ರಂದು ಕ್ಸೇವಿಯರ್, ಆವಿಲಾದ ತೆರೇಸಾ ಮೊದಲಾದವರ ಜೊತೆಯಲ್ಲಿ ಇವರಿಗೆ ಸಂತ ಪದವಿ ನೀಡಲಾಯಿತು. 1922ರಲ್ಲಿ ಹನ್ನೊಂದನೇ ಪಿಯುಸ್ ಪೋಪರು ಇವರನ್ನು ಧ್ಯಾನಕೂಟಗಳ ಪಾಲಕ ಸಂತರೆಂದು ಘೋಷಿಸಿದರು. ಜುಲೈ 31 ಇವರ ಹಬ್ಬದ ದಿನ.

ಕರ್ನಾಟಕದಲ್ಲಿ

ಇಗ್ನೇಷಿಯಸ್ ಭಾರತಕ್ಕೆ ಬಂದವರಲ್ಲ. ಆದರೆ ಅವರ ಸಂಗಡಿಗ ಕ್ಸೇವಿಯರ್ 1542ರಲ್ಲಿ ಗೋವಾ ತಲುಪಿದರು. ಹದಿನೇಳನೇ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು, ಇಲ್ಲಿನ ಸನ್ಯಾಸಿಗಳ ಉಡುಪು ಹಾಗೂ ಆಹಾರಕ್ರಮವನ್ನು ಅನುಸರಿಸಿ, ಕನ್ನಡವನ್ನು ಕಲಿತು ಮೈಸೂರು ಮಿಷನ್‌ಗೆ ಅಡಿಪಾಯ ಹಾಕಿದರು. 1773ರಲ್ಲಿ ಪೋಪರ ಆಜ್ಞೆಯಿಂದ ವಿಸರ್ಜನೆಗೊಂಡ ಸಭೆ 1814ರಲ್ಲಿ ಪುನಃಸ್ಥಾಪನೆಯಾಯಿತು. 1878ರಲ್ಲಿ ಅದರ ಸದಸ್ಯರು ಮಂಗಳೂರಿಗೆ ಬಂದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಫ್ರೆಂಚ್ ಮಿಷನರಿಗಳು 1882ರಲ್ಲಿ ಸ್ಥಾಪಿಸಿದ್ದ ಸಂತ ಜೋಸೆಫರ ಕಾಲೇಜು 1937ರಲ್ಲಿ ಯೇಸುಸಭೆಯ ಆಡಳಿತಕ್ಕೆ ಬಂದಿತು. ಮಂಗಳೂರಿನ ಫಾತಿಮಾ ಧ್ಯಾನಮಂದಿರದಂತಹ ಕೇಂದ್ರಗಳಲ್ಲಿ ಇಗ್ನೇಷಿಯಸ್ ಅವರ ಕ್ರಮದ ಧ್ಯಾನಕೂಟಗಳು ನಡೆಯುತ್ತವೆ.

ಬೆಂಗಳೂರಿನ ಸುತ್ತಲಿನ ಕನ್ನಡ ಕಥೋಲಿಕರಲ್ಲಿ ಕಂಡುಬರುವ ಇನ್ನಾಸಪ್ಪ ಮತ್ತು ಕರಾವಳಿಯ ಕೊಂಕಣಿ ಕಥೋಲಿಕರ ಇನಾಸ್ ಎಂಬ ಹೆಸರುಗಳು ಇಗ್ನೇಷಿಯಸ್ ಎಂಬುದರ ದೇಶೀಯ ರೂಪಗಳಾಗಿವೆ.