ಕಿಟ್ಟೆಲರೂ ಶಿಕ್ಷೆಯೆಂಬ ಶಬ್ದವೂ

ತುಂಗಭದ್ರೆಯ ಸೀಮೆಯ ನಮ್ಮ ಹಲವಾಗಲಿನಲ್ಲಿ ಹುಡುಗನಾಗಿದ್ದಾಗ ಶಿಕ್ಷೆಯೆಂದರೆ ದಂಡನೆಯೆಂದಷ್ಟೇ ನಾನು ತಿಳಿದಿದ್ದೆ. ಕಲಿಸುವುದೆಂಬ ಅರ್ಥವೂ ಅದಕ್ಕುಂಟೆಂದು ಮುಂದೆ ಕಿಟ್ಟೆಲರ ನಿಘಂಟಿನಿಂದ ಅರಿತೆ.

ಜರ್ಮನಿಯ ಪಾದ್ರಿಯೊಬ್ಬರ ಮಗನಾಗಿ 1832ರಲ್ಲಿ ಜನಿಸಿದ ಫರ್ಡಿನಂಡ್ ಕಿಟ್ಟೆಲರು 1853ರಲ್ಲಿ ಬಾಸೆಲ್ ಮಿಶನ್ನಿನ ಪರವಾಗಿ ಕನ್ನಡ ನಾಡಿಗೆ ಬಂದರು. ಇಲ್ಲಿಯವರಂತೆಯೇ ಬಾಳಬೇಕೆಂಬ ಅವರ ಹಂಬಲ ಮಿಶನ್ನಿನ ಹಿರಿಯರಿಗೆ ಹಿಡಿಸಲಿಲ್ಲ. 1860ರಲ್ಲಿ ವಿವಾಹ, 1864ರಲ್ಲಿ ಮಡದಿ ಪೌಲೀನೆಯ ಮರಣ.

ತಂದೆಯು ತಾನು ಪ್ರೀತಿಸುವ ಮಗನನ್ನೇ ತಿದ್ದುವನೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯ ಬೋಧಿಸುತ್ತದೆ. ಅಲ್ಲಿಯ ಗ್ರೀಕ್ ಪದವೂ ನಮ್ಮ ಶಿಕ್ಷೆಯಂತೆಯೇ: ಮಕ್ಕಳನ್ನು ಬೆಳೆಸುವ ಶಿಕ್ಷಣ, ದಂಡನೆ ಎರಡೂ ಅದರಲ್ಲಡಗಿವೆ. ಶಿಕ್ಷೆ ಆ ಹೊತ್ತಿಗೆ ದುಃಖಕರವೇ ಎಂದು ಆ ಪತ್ರಿಕೆಯೂ ಒಪ್ಪುತ್ತದೆ. ಆದರೂ ಹೆಂಡತಿಯನ್ನು ಕಳೆದುಕೊಂಡವನಿಗೆ, ಇದು ದೇವರ ಒಲುಮೆಯೆಂದು ಹೇಳಲು ನನಗೆ ನಾಲಿಗೆ ಏಳದು. ಆ ಮಾತು ನೊಂದವನ ಬಾಯಿಂದಲೇ ಬರಬೇಕು. ಹೊರಗಿನವನು ಆಡಿದರೆ ಅದು ಕ್ರೌರ್ಯವಾದೀತು.

ಕಿಟ್ಟೆಲರು ನಂಬಿಕೆಯನ್ನೂ ಬಿಡಲಿಲ್ಲ, ಕನ್ನಡವನ್ನೂ ಬಿಡಲಿಲ್ಲ. 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಪ್ರಕಟಿಸಿದರು. ವರ್ಷಗಟ್ಟಲೆ ಪದಪದವನ್ನೂ ಆಯ್ದು ಜೋಡಿಸಿದ, ಸುಮಾರು 70,000 ಶಬ್ದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1903ರಲ್ಲಿ, ಕನ್ನಡ ನಾಡಿನಿಂದ ದೂರದ ಟ್ಯೂಬಿಂಗೆನ್ನಿನಲ್ಲಿ, ಅವರು ತೀರಿಕೊಂಡರು.