ಪರೀಕ್ಷೆಯ ಬಾಗಿಲು ತೆರೆಸಿದ ಎಲಿಜಬೆತ್ ಗ್ಯಾರೆಟ್ ಆಂಡರ್‌ಸನ್

ವೈದ್ಯವೃತ್ತಿಗೆ ಪರವಾನಗಿ ಬೇಕು, ಪರವಾನಗಿಗೆ ಪರೀಕ್ಷೆ ಬೇಕು ಎಂಬ ಬಗ್ಗೆ ಇಂದು ಯಾರದೂ ತಕರಾರಿಲ್ಲ. ಅರೆಜ್ಞಾನಿಗಳು ರೋಗಿಯ ಪ್ರಾಣದೊಡನೆ ಆಟವಾಡಬಾರದು ಎಂಬುದೇ ಈ ನಿಯಮಗಳ ಮೂಲ ಆಶಯ. ಆದರೆ ಪರೀಕ್ಷೆಗೆ ಯಾರು ಕೂರಬಹುದು ಎಂದು ತೀರ್ಮಾನಿಸುವ ಅಧಿಕಾರವೂ ಪರೀಕ್ಷಕರ ಕೈಯಲ್ಲೇ ಇದ್ದರೆ, ಅದೇ ನಿಯಮ ಯೋಗ್ಯರನ್ನು ಹೊರಗಿಡುವ ಗೋಡೆಯೂ ಆಗಬಲ್ಲದು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಆ ಗೋಡೆಗೆ ಎದುರಾಗಿ ನಿಂತವರು ಎಲಿಜಬೆತ್ ಗ್ಯಾರೆಟ್ ಆಂಡರ್‌ಸನ್.

ಎಲಿಜಬೆತ್ ಹುಟ್ಟಿದ್ದು 1836ರ ಜೂನ್ 9ರಂದು, ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯಲ್ಲಿ. ತಂದೆ ನ್ಯೂಸನ್ ಗ್ಯಾರೆಟ್ ಬಳಿಕ ಸಫೋಕ್ ಪ್ರಾಂತ್ಯದ ಕಡಲತೀರದ ಆಲ್ಡ್‌ಬರೋ ಪಟ್ಟಣಕ್ಕೆ ಸಂಸಾರ ಸಮೇತ ತೆರಳಿ, ಧಾನ್ಯದ ವ್ಯಾಪಾರದಲ್ಲಿ ಸ್ವಂತ ಪರಿಶ್ರಮದಿಂದ ಸಿರಿವಂತರಾದರು. ಹೆಣ್ಣುಮಕ್ಕಳಿಗೂ ವಿದ್ಯೆ ಬೇಕೆಂದು ನಂಬಿದ್ದ ಅಪರೂಪದ ತಂದೆ ಅವರು. ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡಿದ ಮಿಲಿಸೆಂಟ್ ಫಾಸೆಟ್, ಎಲಿಜಬೆತ್‌ರ ತಂಗಿ.

1858ರ ಕಾಯ್ದೆ

ಬ್ರಿಟನ್ನಿನಲ್ಲಿ 1858ರಲ್ಲಿ ವೈದ್ಯಕೀಯ ಕಾಯ್ದೆ ಜಾರಿಗೆ ಬಂತು. ಅದರನ್ವಯ ಜನರಲ್ ಮೆಡಿಕಲ್ ಕೌನ್ಸಿಲ್ ಸ್ಥಾಪನೆಯಾಯಿತು. ಅರ್ಹ ವೈದ್ಯರ ಅಧಿಕೃತ ನೋಂದಣಿ ಪುಸ್ತಕ ಸಿದ್ಧವಾಯಿತು. ಅದರಲ್ಲಿ ಹೆಸರು ಸೇರಬೇಕಾದರೆ ಬ್ರಿಟನ್ನಿನ ಮಾನ್ಯತೆ ಪಡೆದ ವಿಶ್ವವಿದ್ಯಾಲಯ ಅಥವಾ ವೃತ್ತಿಸಂಸ್ಥೆಯೊಂದರ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕಿತ್ತು. ಮಹಿಳೆಯರು ವೈದ್ಯರಾಗಬಾರದೆಂದು ಕಾಯ್ದೆ ಎಲ್ಲಿಯೂ ಹೇಳಿರಲಿಲ್ಲ. ಆದರೆ ಪರೀಕ್ಷೆ ನಡೆಸುವ ಯಾವ ಸಂಸ್ಥೆಯೂ ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಕಾಯ್ದೆಗೆ ಮುನ್ನವೇ ವಿದೇಶಿ ಪದವಿಯೊಂದಿಗೆ ಬ್ರಿಟನ್ನಿನಲ್ಲಿ ವೃತ್ತಿ ನಡೆಸಿದವರಿಗೆ ಮಾತ್ರ ವಿನಾಯಿತಿ ಇತ್ತು. ಅಮೆರಿಕದಲ್ಲಿ 1849ರಲ್ಲಿ ಪದವಿ ಪಡೆದಿದ್ದ ಎಲಿಜಬೆತ್ ಬ್ಲ್ಯಾಕ್‌ವೆಲ್ ಆ ವಿನಾಯಿತಿಯ ಬಲದಿಂದಲೇ ಪಟ್ಟಿ ಸೇರಿದರು. 1859ರಲ್ಲಿ ಲಂಡನ್ನಿನಲ್ಲಿ ಬ್ಲ್ಯಾಕ್‌ವೆಲ್ ಅವರ ಉಪನ್ಯಾಸ ಕೇಳಿದ ಗ್ಯಾರೆಟ್, ತಾನೂ ವೈದ್ಯೆಯಾಗಬೇಕೆಂದು ನಿಶ್ಚಯಿಸಿದರು. ಆದರೆ ಹೊಸಬರಿಗೆ ಆ ದಾರಿ ಆಗಲೇ ಮುಚ್ಚಿತ್ತು.

1860ರಲ್ಲಿ ಅವರು ಲಂಡನ್ನಿನ ಮಿಡಲ್‌ಸೆಕ್ಸ್ ಆಸ್ಪತ್ರೆಯನ್ನು ಸೇರಿದ್ದು ದಾದಿಯಾಗಿ. ಹಗಲು ವಾರ್ಡಿನ ಕೆಲಸ. ಜೊತೆಗೆ ರಸಾಯನಶಾಸ್ತ್ರ, ಔಷಧಶಾಸ್ತ್ರಗಳ ವ್ಯಾಸಂಗ. ತರಗತಿಯಲ್ಲಿ ಅವರ ಪ್ರತಿಭೆ ಎದ್ದು ಕಾಣತೊಡಗಿದಂತೆ ಸಹಪಾಠಿಗಳ ಅಸಮಾಧಾನವೂ ಬೆಳೆಯಿತು. 1861ರಲ್ಲಿ ವಿದ್ಯಾರ್ಥಿಗಳು ಮನವಿಪತ್ರ ಸಲ್ಲಿಸಿ, ಅವರನ್ನು ಹೊರಗಿಡಬೇಕೆಂದು ಒತ್ತಾಯಿಸಿದರು. ಗ್ಯಾರೆಟ್ ಹೊರನಡೆಯಬೇಕಾಯಿತು. ಬಳಿಕ ಒಂದಾದ ಮೇಲೊಂದರಂತೆ ವಿಶ್ವವಿದ್ಯಾಲಯಗಳು ಅವರ ಅರ್ಜಿಯನ್ನು ತಿರಸ್ಕರಿಸಿದವು.

ತೆರೆದು ಮುಚ್ಚಿದ ಬಾಗಿಲು

ಉಳಿದದ್ದು ಸೊಸೈಟಿ ಆಫ್ ಅಪೋಥಿಕರೀಸ್ ಎಂಬ ಔಷಧವೃತ್ತಿಯವರ ಹಳೆಯ ಸಂಸ್ಥೆ. ಅದು ನೀಡುತ್ತಿದ್ದ ಪರವಾನಗಿ ನೋಂದಣಿಗೆ ಸಾಕಾಗುತ್ತಿತ್ತು. ಅದಕ್ಕೆ ಅಧಿಕಾರ ನೀಡಿದ್ದ ಕಾನೂನಿನ ಒಕ್ಕಣೆಯಲ್ಲಿ ಅಭ್ಯರ್ಥಿಗಳನ್ನು ಪುರುಷರೆಂದು ಕರೆದಿರಲಿಲ್ಲ, ವ್ಯಕ್ತಿಗಳೆಂದಷ್ಟೇ ಕರೆದಿತ್ತು. ಮಹಿಳೆಯೂ ವ್ಯಕ್ತಿಯೇ ಆದ್ದರಿಂದ ಆಕೆಯನ್ನು ನಿರಾಕರಿಸುವಂತಿಲ್ಲ ಎಂಬ ಸಲಹೆ ಸಂಸ್ಥೆಯ ವಕೀಲರಿಂದಲೇ ಬಂತು.

ಗ್ಯಾರೆಟ್ ನಿಯಮದಂತೆ ಅಪೋಥಿಕರಿಯೊಬ್ಬರ ಬಳಿ ಶಿಷ್ಯವೃತ್ತಿ ನಡೆಸಿದರು. ಕಾಲೇಜು ಸೇರಿಸಿಕೊಳ್ಳದ ಕಾರಣ ಮಾನ್ಯತೆ ಪಡೆದ ಅಧ್ಯಾಪಕರಿಗೆ ಹಣ ತೆತ್ತು ಖಾಸಗಿಯಾಗಿ ಪಾಠ ಹೇಳಿಸಿಕೊಂಡರು. ಇಷ್ಟಾದರೂ ಕೊನೆಯ ಗಳಿಗೆಯಲ್ಲಿ ಸಂಸ್ಥೆ ಹಿಂದೇಟು ಹಾಕಿತು. ತಂದೆ ನ್ಯಾಯಾಲಯಕ್ಕೆ ಹೋಗುವುದಾಗಿ ಎಚ್ಚರಿಸಿದ ಮೇಲಷ್ಟೇ ಅನುಮತಿ ದೊರೆಯಿತು.

1865ರ ಸೆಪ್ಟೆಂಬರ್ 28ರಂದು ನಡೆದ ಪರೀಕ್ಷೆಗೆ ಹಾಜರಾದವರು ಏಳು ಮಂದಿ, ತೇರ್ಗಡೆಯಾದವರು ಮೂವರು. ಅತಿ ಹೆಚ್ಚು ಅಂಕ ಗ್ಯಾರೆಟ್ ಅವರದಾಗಿತ್ತು. ಬ್ರಿಟನ್ನಿನ ಪರೀಕ್ಷೆಯಲ್ಲೇ ತೇರ್ಗಡೆಯಾಗಿ, ಮಹಿಳೆ ಎಂಬ ತಮ್ಮ ಗುರುತನ್ನು ಮರೆಮಾಚದೆ ಅಲ್ಲಿ ಪರವಾನಗಿ ಪಡೆದ ಮೊದಲ ವೈದ್ಯೆ ಅವರಾದರು.

ಆದರೆ ಸಂಸ್ಥೆ ಕೆಲವೇ ವರ್ಷಗಳಲ್ಲಿ ನಿಯಮ ಬದಲಿಸಿತು. ಖಾಸಗಿಯಾಗಿ ಕಲಿತವರಿಗೆ ಇನ್ನು ಪರೀಕ್ಷೆ ಇಲ್ಲವೆಂದಿತು. ಈ ನಿಯಮದಲ್ಲಿಯೂ ಮಹಿಳೆ ಎಂಬ ಪದವಿರಲಿಲ್ಲ. ಮಾನ್ಯ ಕಾಲೇಜುಗಳು ಮಹಿಳೆಯರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲವಾದ್ದರಿಂದ ಅಷ್ಟೇ ಸಾಕಾಗಿತ್ತು. ಗ್ಯಾರೆಟ್ ನಡೆದ ದಾರಿ ಅವರೊಬ್ಬರಿಗೇ ಮುಗಿದುಹೋಯಿತು.

ಪ್ಯಾರಿಸ್ಸಿನ ಪದವಿ

1866ರಲ್ಲಿ ಅವರು ಲಂಡನ್ನಿನಲ್ಲಿ ಬಡ ಮಹಿಳೆಯರು ಮತ್ತು ಮಕ್ಕಳಿಗಾಗಿ ಔಷಧಾಲಯವೊಂದನ್ನು ತೆರೆದರು. ಮೊದಲ ವರ್ಷವೇ ಸುಮಾರು 3,000 ಹೊಸ ರೋಗಿಗಳು ಅಲ್ಲಿಗೆ ಬಂದರು. ಸ್ತ್ರೀಯರು ಸ್ತ್ರೀವೈದ್ಯರನ್ನು ಬಯಸುವುದಿಲ್ಲ ಎಂಬ ವಾದಕ್ಕೆ ಆ ಸಾಲೇ ಉತ್ತರ ಹೇಳಿತು. 1872ರಲ್ಲಿ ಇದೇ ಮಹಿಳೆಯರ ಆಸ್ಪತ್ರೆಯಾಗಿ ಬೆಳೆಯಿತು.

ಪರವಾನಗಿ ಕೈಯಲ್ಲಿದ್ದರೂ ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕೊರತೆ ಅವರನ್ನು ಕಾಡುತ್ತಿತ್ತು. ಪ್ಯಾರಿಸ್ ವಿಶ್ವವಿದ್ಯಾಲಯ ಮಹಿಳೆಯರಿಗೆ ಅವಕಾಶ ನೀಡಿದ ಸುದ್ದಿ ತಿಳಿದು ಆಸ್ಪತ್ರೆಯ ಕೆಲಸದ ನಡುವೆಯೇ ಫ್ರೆಂಚ್ ಕಲಿತು, ಆ ಭಾಷೆಯಲ್ಲೇ ಪರೀಕ್ಷೆಗಳನ್ನು ಎದುರಿಸಿದರು. ಅರೆತಲೆನೋವಿನ ಕುರಿತು ಪ್ರಬಂಧ ಸಲ್ಲಿಸಿ 1870ರಲ್ಲಿ ಎಂ.ಡಿ. ಪಡೆದರು. ವಿದೇಶಿ ಪದವಿಯೆಂಬ ಕಾರಣಕ್ಕೆ ಬ್ರಿಟಿಷ್ ನೋಂದಣಿ ಅದನ್ನು ಮಾನ್ಯ ಮಾಡಲಿಲ್ಲ. 1871ರಲ್ಲಿ ಹಡಗು ಉದ್ಯಮಿ ಜೇಮ್ಸ್ ಸ್ಕೆಲ್ಟನ್ ಆಂಡರ್‌ಸನ್ ಅವರನ್ನು ವರಿಸಿದರು. ವಿವಾಹಾನಂತರವೂ ವೃತ್ತಿ ಬಿಡಲಿಲ್ಲ.

1873ರಲ್ಲಿ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಅವರಿಗೆ ಸದಸ್ಯತ್ವ ನೀಡಿತು. 1878ರಲ್ಲಿ ಅದೇ ಸಂಘ ಇನ್ನು ಮುಂದೆ ಮಹಿಳೆಯರನ್ನು ಸೇರಿಸಿಕೊಳ್ಳಬಾರದೆಂದು ನಿರ್ಣಯಿಸಿತು. 19 ವರ್ಷಗಳ ಕಾಲ ಅವರು ಅಲ್ಲಿನ ಏಕೈಕ ಮಹಿಳೆಯಾಗಿ ಉಳಿದರು.

ಒಬ್ಬರಿಂದ ಹಲವರಿಗೆ

ಒಬ್ಬಿಬ್ಬರು ನುಸುಳಿ ಹೋದರೆ ಸಾಲದು, ಕಾಯಂ ವ್ಯವಸ್ಥೆ ಬೇಕು ಎಂಬುದು ಎಡಿನ್‌ಬರೋದಲ್ಲಿ ಪದವಿಗಾಗಿ ಹೋರಾಡಿ ಸೋತಿದ್ದ ಸೋಫಿಯಾ ಜೆಕ್ಸ್‌ಬ್ಲೇಕ್ ಅವರ ನಿಲುವು. ಮೊದಲು ವಿದೇಶಗಳಲ್ಲಿ ಪದವಿ ಪಡೆದು ಯೋಗ್ಯತೆ ಸಾಬೀತುಪಡಿಸುವುದೇ ಲೇಸೆಂದು ಆಂಡರ್‌ಸನ್ ಭಾವಿಸಿದ್ದರು. ಭಿನ್ನಾಭಿಪ್ರಾಯವಿದ್ದರೂ, 1874ರಲ್ಲಿ ಜೆಕ್ಸ್‌ಬ್ಲೇಕ್ ಮುಂದಾಳತ್ವದಲ್ಲಿ ಲಂಡನ್ ಮಹಿಳಾ ವೈದ್ಯಕೀಯ ಶಾಲೆ ಆರಂಭವಾದಾಗ ಅವರು ಕೈಜೋಡಿಸಿದರು.

1876ರಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿ, ಪರೀಕ್ಷಾ ಸಂಸ್ಥೆಗಳು ಮಹಿಳೆಯರಿಗೂ ಪರವಾನಗಿ ನೀಡಬಹುದೆಂದಿತು. ನೀಡಲೇಬೇಕೆಂಬ ಕಡ್ಡಾಯ ಅದರಲ್ಲಿರಲಿಲ್ಲ. ಮೊದಲು ಮುಂದೆ ಬಂದದ್ದು ಐರ್ಲೆಂಡಿನ ವೈದ್ಯ ಕಾಲೇಜು. 1877ರಲ್ಲಿ ರಾಯಲ್ ಫ್ರೀ ಆಸ್ಪತ್ರೆ ವಿದ್ಯಾರ್ಥಿನಿಯರ ವಾರ್ಡ್ ತರಬೇತಿಗೆ ಒಪ್ಪಿತು. ಮರುವರ್ಷ ಲಂಡನ್ ವಿಶ್ವವಿದ್ಯಾಲಯ ಪದವಿಯ ಬಾಗಿಲು ತೆರೆಯಿತು.

1883ರಿಂದ ಸುಮಾರು ಎರಡು ದಶಕ ಆಂಡರ್‌ಸನ್ ಆ ಶಾಲೆಯ ಡೀನ್ ಆಗಿದ್ದರು. ಬಾಲ್ಯವಿವಾಹದ ಬಂಧನವನ್ನು ಬಾಂಬೆ ನ್ಯಾಯಾಲಯದಲ್ಲಿ ಎದುರಿಸಿ ದೇಶವ್ಯಾಪಿ ಚರ್ಚೆಗೆ ಕಾರಣರಾಗಿದ್ದ ರುಕ್ಮಾಬಾಯಿ 1889ರಲ್ಲಿ ಇಂಗ್ಲೆಂಡಿಗೆ ತೆರಳಿ ಕಲಿತದ್ದು ಇಲ್ಲಿಯೇ. 1894ರಲ್ಲಿ ವೈದ್ಯಕೀಯ ಅರ್ಹತೆ ಪಡೆದ ಅವರು ಸ್ವದೇಶಕ್ಕೆ ಮರಳಿ ಸೂರತ್ತಿನಲ್ಲಿ ಮಹಿಳೆಯರ ಸೇವೆಗೆ ನಿಂತರು.

ನಿವೃತ್ತಿಯ ಬಳಿಕ ಆಲ್ಡ್‌ಬರೋಗೆ ಮರಳಿದ ಆಂಡರ್‌ಸನ್ 1908ರಲ್ಲಿ ಅಲ್ಲಿನ ಮೇಯರ್ ಆಗಿ ಚುನಾಯಿತರಾದರು. ಇಂಗ್ಲೆಂಡಿನ ಪ್ರಥಮ ಮಹಿಳಾ ಮೇಯರ್ ಎಂಬ ಗೌರವವೂ ಅವರಿಗೆ ಸಂದಿತು. ವೈದ್ಯೆಯಾಗಿದ್ದ ಮಗಳು ಲೂಯಿಸಾ ಮೊದಲ ಮಹಾಯುದ್ಧದ ವೇಳೆ ಲಂಡನ್ನಿನಲ್ಲಿ ಮಹಿಳೆಯರೇ ನಡೆಸಿದ ಸೇನಾ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದರು. ಆ ಯುದ್ಧ ಮುಗಿಯುವ ಮೊದಲೇ, 1917ರ ಡಿಸೆಂಬರ್ 17ರಂದು, ಎಲಿಜಬೆತ್ ನಿಧನರಾದರು. ಮರುವರ್ಷ ಅವರು ಕಟ್ಟಿದ ಆಸ್ಪತ್ರೆಗೆ ಅವರ ಹೆಸರನ್ನೇ ಇಡಲಾಯಿತು.

ಪರೀಕ್ಷೆಯನ್ನು ಸಡಿಲಿಸಿರೆಂದು ಅವರು ಎಂದೂ ಕೇಳಲಿಲ್ಲ. ಎಲ್ಲರಿಗೂ ಇದ್ದ ಪರೀಕ್ಷೆಯನ್ನೇ ಕೇಳಿದರು, ಅದರಲ್ಲಿ ಮೊದಲಿಗರಾದರು. ಬಳಿಕ ಇತರ ಮಹಿಳೆಯರೂ ಅದಕ್ಕೆ ಸಿದ್ಧರಾಗಲು ಬೇಕಾದ ಶಾಲೆಯನ್ನು ಎರಡು ದಶಕ ಮುನ್ನಡೆಸಿದರು.