ಜೀವಕೋಶದ ವೈದ್ಯ ರುಡಾಲ್ಫ್ ವಿರ್ಖೋ

ರೋಗವೆಂಬುದು ಶರೀರದಲ್ಲಿ ಎಲ್ಲಿ ನೆಲೆಸಿರುತ್ತದೆ? ಈ ಪ್ರಶ್ನೆಯು ಮೇಲ್ನೋಟಕ್ಕೆ ಬಾಲಿಶವಾಗಿ ತೋರಬಹುದು. ಆದರೆ ವೈದ್ಯಶಾಸ್ತ್ರದ ಚರಿತ್ರೆಯೆಲ್ಲವೂ ಒಂದು ರೀತಿಯಿಂದ ಈ ಪ್ರಶ್ನೆಗೆ ಜನರು ಕೊಟ್ಟ ಉತ್ತರಗಳ ಚರಿತ್ರೆಯೇ ಆಗಿದೆ. ಪಾಠಶಾಲೆಯಲ್ಲಿ ಓದಿದ ನಮ್ಮಂಥವರಿಗೆ ವಾತ ಪಿತ್ತ ಕಫಗಳ ವೈಷಮ್ಯವೇ ರೋಗವೆಂಬ ವಿಚಾರವು ಬಾಲ್ಯದಿಂದಲೂ ಪರಿಚಿತವಾದುದು. ಯುರೋಪಿನಲ್ಲಿಯೂ ಸುಮಾರು ಎರಡು ಸಾವಿರ ವರ್ಷಗಳ ಕಾಲ ರಕ್ತ, ಕಫ, ಹಳದಿಯ ಪಿತ್ತ, ಕರಿಯ ಪಿತ್ತ ಎಂಬ ನಾಲ್ಕು ದ್ರವಗಳ ಏರುಪೇರನ್ನೇ ರೋಗವೆಂದು ನಂಬಿದ್ದರು. 1761ರಲ್ಲಿ ಇಟಲಿಯ ಮೊರ್ಗಾನಿಯು ಹೆಣಗಳನ್ನು ಛೇದಿಸಿ ನೋಡಿ, ರೋಗವು ಅವಯವಗಳಲ್ಲಿ ನೆಲೆಸಿರುವುದೆಂದು ತೋರಿಸಿದನು. ಅನಂತರ ಫ್ರಾನ್ಸಿನ ಬಿಷಾ ಎಂಬಾತನು ಇನ್ನೂ ಒಳಹೊಕ್ಕು, ಅವಯವಗಳನ್ನು ನೆಯ್ದಿರುವ ಅಂಗಾಂಶಗಳನ್ನು ಬೆರಳಿಟ್ಟು ತೋರಿಸಿದನು. ಅಂಗಾಂಶವನ್ನೂ ದಾಟಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಜೀವಕೋಶದಲ್ಲಿಯೇ ರೋಗದ ನೆಲೆಯಿದೆಯೆಂದು ಸ್ಥಾಪಿಸಿದವನು ಜರ್ಮನಿಯ ರುಡಾಲ್ಫ್ ವಿರ್ಖೋ. ಆತನ ಚರಿತ್ರೆಯನ್ನು ವಾಚಕರ ಮುಂದಿಡಲು ನಮಗೆ ಇನ್ನೊಂದು ಕಾರಣವೂ ಉಂಟು. ಶರೀರದೊಳಗೆ ಇಷ್ಟು ಆಳಕ್ಕೆ ಇಳಿದ ಆ ದೃಷ್ಟಿಯೇ ಶರೀರದ ಹೊರಗೆ, ರಾಜ್ಯದಾಡಳಿತದ ಕಡೆಗೂ ತಿರುಗಿತು.

ವಿರ್ಖೋವು 1821ನೆಯ ಇಸವಿ ಅಕ್ಟೋಬರ್ 13ರಂದು ಪ್ರಷ್ಯ ರಾಜ್ಯದ ಪೊಮೆರೇನಿಯ ಪ್ರಾಂತದ ಶಿವೆಲ್ಬೈನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಮನೆಯಲ್ಲಿ ಸಂಪತ್ತಿರಲಿಲ್ಲ. ಸೈನ್ಯಕ್ಕೆ ವೈದ್ಯರನ್ನು ಸಿದ್ಧಪಡಿಸುತ್ತಿದ್ದ ಬರ್ಲಿನ್ನಿನ ವಿದ್ಯಾಸಂಸ್ಥೆಯಲ್ಲಿ ಶುಲ್ಕವಿಲ್ಲದೆ ಓದುವ ಅವಕಾಶ ದೊರೆತುದರಿಂದ ಆತನು ವೈದ್ಯನಾದನು. 1843ರಲ್ಲಿ ಪದವಿಯನ್ನು ಪಡೆದು ಷಾರಿಟೆ ಎಂಬ ದೊಡ್ಡ ಆಸ್ಪತ್ರೆಯನ್ನು ಸೇರಿ, ಶವಪರೀಕ್ಷೆಯ ಕೋಣೆಯಲ್ಲಿ ಸೂಕ್ಷ್ಮದರ್ಶಕ ಯಂತ್ರದ ಮುಂದೆ ಕುಳಿತನು. 1845ರಲ್ಲಿ ಐವತ್ತು ವರ್ಷದ ಅಡುಗೆಯ ಹೆಂಗಸೊಬ್ಬಳು ಮೃತಳಾದಾಗ ಆಕೆಯ ರಕ್ತವು ಬಿಳುಪಾಗಿ ಕೀವಿನಂತೆ ತೋರಿತು. ಅದೇ ವರ್ಷ ಎಡಿನ್‌ಬರೋದಲ್ಲಿ ಬೆನೆಟ್ ಎಂಬ ವೈದ್ಯನು ಇಂಥದೇ ರೋಗಿಯನ್ನು ಕಂಡು, ರಕ್ತದಲ್ಲಿ ಕೀವುಗಟ್ಟಿದೆಯೆಂದು ಬರೆದಿದ್ದನು. ವಿರ್ಖೋ ಮಾತ್ರ ಇದು ಕೀವಲ್ಲವೆಂದೂ, ರಕ್ತದಲ್ಲಿ ಸಹಜವಾಗಿಯೇ ಇರುವ ಬಿಳಿಯ ಕಣಗಳು ಮಿತಿಮೀರಿ ಹೆಚ್ಚಿರುವುವೆಂದೂ ಕಂಡುಕೊಂಡನು. ಇಂದು ರಕ್ತದ ಕ್ಯಾನ್ಸರೆಂದು ಜನರು ಕರೆಯುವ ಆ ರೋಗಕ್ಕೆ ಲ್ಯುಕೀಮಿಯ ಎಂಬ ಹೆಸರನ್ನು 1847ರಲ್ಲಿ ಇಟ್ಟವನು ಆತನೇ. ಅದೇ ವರ್ಷ ಗೆಳೆಯ ರೈನ್‌ಹಾರ್ಟನೊಡನೆ ವೈದ್ಯಕೀಯ ಪತ್ರಿಕೆಯೊಂದನ್ನು ಆರಂಭಿಸಿದನು. ಗೆಳೆಯನು ಕೆಲವೇ ವರ್ಷಗಳಲ್ಲಿ ತೀರಿಕೊಂಡರೂ ವಿರ್ಖೋ ತಾನು ಸಾಯುವವರೆಗೆ, ಎಂದರೆ 55 ವರ್ಷ, ಆ ಪತ್ರಿಕೆಯನ್ನು ಬಿಡದೆ ನಡೆಸಿದನು. ಪತ್ರಿಕೆಯನ್ನು ನಡೆಸುವುದೆಂದರೇನೆಂಬುದನ್ನು ಅಲ್ಪಸ್ವಲ್ಪ ಬಲ್ಲ ನಮಗೆ ಆತನ ಉಳಿದೆಲ್ಲ ಸಾಹಸಗಳಿಗಿಂತ ಇದೊಂದೇ ಹೆಚ್ಚಿನ ಸೋಜಿಗವನ್ನುಂಟುಮಾಡುತ್ತದೆ.

1848ರ ಆರಂಭದಲ್ಲಿ ಪ್ರಷ್ಯದ ಗಡಿಯ ಮೇಲಣ ಸೈಲೀಷಿಯ ಪ್ರಾಂತದಲ್ಲಿ ಟೈಫಸ್ ಜ್ವರವು ಹಬ್ಬಿ ಜನರು ಸಾವಿರಗಟ್ಟಲೆ ಸಾಯುತ್ತಿದ್ದರು. ಸುದ್ದಿಯು ಪತ್ರಿಕೆಗಳಲ್ಲಿ ಬಂದು ಗದ್ದಲವೆದ್ದ ಮೇಲೆ ಸರಕಾರಕ್ಕೆ ಎಚ್ಚರವಾಯಿತು. ಹಿರಿಯ ಅಧಿಕಾರಿಯೊಬ್ಬನ ಜೊತೆಯಲ್ಲಿ 26 ವರ್ಷದ ವಿರ್ಖೋವನ್ನು ವಿಚಾರಣೆಗೆಂದು ಕಳುಹಿಸಿದರು. ಜ್ವರದ ಲಕ್ಷಣಗಳನ್ನು ವಿವರಿಸುವ ಒಂದು ವರದಿ ಬರುವುದೆಂದು ಸಚಿವರು ನಿರೀಕ್ಷಿಸಿದ್ದರೇನೋ. ಆತನು ಅಲ್ಲಿ ಮೂರು ವಾರಗಳಷ್ಟು ಕಾಲ ಊರೂರು ತಿರುಗಿ, ಗುಡಿಸಲುಗಳನ್ನು ಹೊಕ್ಕು ನೋಡಿದನು. ಮಳೆಯ ಕಾಟದಿಂದ ಬೆಳೆ ಕೆಟ್ಟುಹೋಗಿತ್ತು. ಆಲೂಗೆಡ್ಡೆಯೊಂದನ್ನೇ ನಂಬಿದ್ದ ಜನಕ್ಕೆ ಅದೂ ಇರಲಿಲ್ಲ. ಒಂದೇ ಕೋಣೆಯಲ್ಲಿ ಮನೆಮಂದಿಯೆಲ್ಲ ಒತ್ತಾಗಿ ಮಲಗುತ್ತಿದ್ದರು. ಚಳಿಯಲ್ಲಿ ತೊಟ್ಟ ಬಟ್ಟೆಯನ್ನು ತೆಗೆಯುತ್ತಿರಲಿಲ್ಲ. ಭೂಮಿಯ ಒಡೆಯರು ಆ ನೆಲದ ಉತ್ಪನ್ನವನ್ನು ದೂರದ ನಗರಗಳಲ್ಲಿ ವ್ಯಯಮಾಡುತ್ತಿದ್ದರು. ಪ್ರಜೆಗಳು ಆಡುವ ಭಾಷೆ ಪೋಲಿಷ್. ಶಾಲೆಯ ಮತ್ತು ಕಚೇರಿಯ ಭಾಷೆ ಜರ್ಮನ್. ಆದಕಾರಣ ಜನರಿಗೆ ಶಾಲೆಯಿಂದ ವಿದ್ಯೆಯೂ ಬಾರದು, ಕಚೇರಿಯಿಂದ ನ್ಯಾಯವೂ ದೊರೆಯದು ಎಂಬಂತಾಗಿತ್ತು.

ವಿರ್ಖೋ ಬರೆದ ವರದಿಯು ವೈದ್ಯನ ವರದಿಯಾಗಿಯೇ ಆರಂಭವಾಗಿ, ಆಡಳಿತದ ಮೇಲಣ ದೋಷಾರೋಪಣೆಯಾಗಿ ಮುಗಿಯಿತು. ಈ ಜನಕ್ಕೆ ಔಷಧಕ್ಕಿಂತ ಮೊದಲು ಬೇಕಾದುದು ಪೂರ್ಣವಾದ ಪ್ರಜಾಸತ್ತೆ ಮತ್ತು ಸ್ಥಳೀಯ ಸ್ವಾಯತ್ತ ಆಡಳಿತ ಎಂದು ಆತನು ಬರೆದನು. ಅವರ ಮಾತೃಭಾಷೆಯಾದ ಪೋಲಿಷಿಗೆ ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಸ್ಥಾನ ದೊರೆಯಬೇಕು, ಮಕ್ಕಳಿಗೂ ಹೆಂಗಸರಿಗೂ ವಿದ್ಯೆ ಬೇಕು, ಮಠಾಧಿಕಾರವು ರಾಜ್ಯದಿಂದ ಬೇರೆಯಾಗಬೇಕು, ತೆರಿಗೆಯ ಭಾರವು ಬಡವನ ಬೆನ್ನಿನಿಂದ ಧನಿಕನ ಬೆನ್ನಿಗೆ ಬರಬೇಕು, ರಸ್ತೆಗಳಾಗಬೇಕು, ಬೇಸಾಯವು ಸುಧಾರಿಸಬೇಕು ಎಂಬುದು ಆತನ ಸಲಹೆಯ ಸಾರಾಂಶ. ಜ್ವರಕ್ಕೆ ಇಂಥ ಔಷಧಪಟ್ಟಿಯನ್ನು ಬರೆದ ವೈದ್ಯನನ್ನು ನಾವಂತೂ ಬೇರೆಲ್ಲಿಯೂ ಕಂಡಿಲ್ಲ. ಆತನು ಬರ್ಲಿನ್ನಿಗೆ ಹಿಂದಿರುಗಿದ ಕೆಲವೇ ದಿನಗಳಲ್ಲಿ, ಮಾರ್ಚ್ 18ರಂದು, ನಗರದಲ್ಲಿ ಕ್ರಾಂತಿಯೆದ್ದಿತು; ಬೀದಿಗೆ ಅಡ್ಡಗಟ್ಟಿದ ತಡೆಗಳ ಹಿಂದೆ ವಿರ್ಖೋವೂ ನಿಂತನು. ವೈದ್ಯಕೀಯ ಸುಧಾರಣೆಗೆಂದೇ ವಾರಪತ್ರಿಕೆಯೊಂದನ್ನು ಹೊರಡಿಸಿದನು. ಕ್ರಾಂತಿಯು ಅಡಗಿತು. ಮರುವರ್ಷ ಸರಕಾರವು ಆತನನ್ನು ಕೆಲಸದಿಂದ ಬಿಡಿಸಿತು, ವಾರಪತ್ರಿಕೆಯೂ ನಿಂತಿತು.

ಬರ್ಲಿನ್ನಿನಲ್ಲಿ ಬೇಡವಾದವನನ್ನು ಬವೇರಿಯದ ವ್ಯೂರ್ತ್ಸ್‌ಬುರ್ಗ್ ವಿಶ್ವವಿದ್ಯಾನಿಲಯವು ಕರೆದು ಪ್ರಾಧ್ಯಾಪಕನನ್ನಾಗಿ ಮಾಡಿತು. ಅಲ್ಲಿ ಕಳೆದ ಏಳು ವರ್ಷಗಳಲ್ಲಿ ಜೀವಕೋಶದ ಸಿದ್ಧಾಂತವು ಆತನ ಮನಸ್ಸಿನಲ್ಲಿ ಪಕ್ವವಾಯಿತು. ಈ ಸಿದ್ಧಾಂತದ ಹಿನ್ನೆಲೆಯನ್ನು ಸ್ವಲ್ಪ ಹೇಳದೆ ಮುಂದುವರಿಯುವಂತಿಲ್ಲ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬಾತನು ಬಿರಡೆಗೆ ಉಪಯೋಗಿಸುವ ಕಾರ್ಕಿನ ತೆಳುವಾದ ಪದರವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೋಣೆಗಳು ಕಂಡವು. ಕೋಶವೆಂಬ ಹೆಸರು ಬಂದುದು ಆ ಕೋಣೆಗಳಿಂದ. ಆತನು ಕಂಡುದು ಸತ್ತ ಮರದ ಗೋಡೆಗಳನ್ನು. ಒಳಗೆ ವಾಸಿಸುತ್ತಿದ್ದ ಜೀವವು ಎಂದೋ ಹೊರಟುಹೋಗಿತ್ತು. 1831ರಲ್ಲಿ ರಾಬರ್ಟ್ ಬ್ರೌನನು ಸಸ್ಯಕೋಶದ ಒಳಗೆ ದುಂಡಗಿನ ಕೇಂದ್ರವೊಂದಿರುವುದನ್ನು ಗಮನಕ್ಕೆ ತಂದನು. 1838ರಲ್ಲಿ ಶ್ಲೈಡನನು ಸಸ್ಯಗಳೆಲ್ಲವೂ, 1839ರಲ್ಲಿ ಶ್ವಾನನು ಪ್ರಾಣಿಗಳೂ ಕೋಶಗಳಿಂದಲೇ ಕಟ್ಟಲ್ಪಟ್ಟಿವೆಯೆಂದು ಸಾರಿದರು. ಆದರೆ ಹೊಸ ಕೋಶವು ಎಲ್ಲಿಂದ ಬರುತ್ತದೆಯೆಂಬಲ್ಲಿ ಇಬ್ಬರೂ ಎಡವಿದರು. ಪಾಕದಲ್ಲಿ ಕಲ್ಲುಸಕ್ಕರೆಯ ಹರಳು ಮೂಡುವಂತೆ, ಆಕಾರವಿಲ್ಲದ ಒಂದು ರಸದಿಂದ ಕೋಶಗಳು ತಾವಾಗಿಯೇ ಮೂಡುತ್ತವೆಯೆಂದು ಅವರು ತಿಳಿದರು. ವಿರ್ಖೋ ಇದನ್ನು ಅಲ್ಲಗಳೆದನು. ಪ್ರಾಣಿಯಿಂದಲೇ ಪ್ರಾಣಿ, ಗಿಡದಿಂದಲೇ ಗಿಡ ಹುಟ್ಟುವಂತೆ ಕೋಶವು ಕೋಶದಿಂದಲೇ ಹುಟ್ಟಬೇಕು, ಬೇರೆ ದಾರಿಯಿಲ್ಲ. 1855ರಲ್ಲಿ ಈ ತತ್ತ್ವವನ್ನು ಬರೆದು ಪ್ರಕಟಿಸಿದನು. 1858ರಲ್ಲಿ ಬರ್ಲಿನ್ನಿನ ವೈದ್ಯರ ಮುಂದೆ ಮಾಡಿದ 20 ಉಪನ್ಯಾಸಗಳಲ್ಲಿ ಅದನ್ನು ವಿಸ್ತರಿಸಿದನು. ಕೋಶಾಧಾರಿತ ರೋಗಶಾಸ್ತ್ರವೆಂಬ ಆ ಗ್ರಂಥವು ವೈದ್ಯವಿದ್ಯೆಯ ದಿಕ್ಕನ್ನೇ ಬದಲಾಯಿಸಿತು.

ಇಲ್ಲಿ ಒಂದು ಮಾತನ್ನು ನಾವು ಮುಚ್ಚಿಡಲಾರೆವು. ಕೋಶವು ಎರಡಾಗಿ ಸೀಳುವುದನ್ನು ಕೋಳಿಯ ಭ್ರೂಣದ ರಕ್ತದಲ್ಲಿ 1841ರಲ್ಲಿಯೇ ಕಂಡು, 1852ರಲ್ಲಿ ಎಲ್ಲ ಕೋಶಗಳಿಗೂ ಇದೇ ಜನ್ಮವೆಂದು ಬರೆದವನು ರಾಬರ್ಟ್ ರೆಮಾಕ್. ಆತನು ಯೆಹೂದಿ. ಮತವನ್ನು ಬದಲಾಯಿಸಲೊಪ್ಪದ ಕಾರಣ ಪ್ರಷ್ಯದಲ್ಲಿ ಆತನಿಗೆ ಬಹುಕಾಲ ಬೋಧಕನ ಪದವಿಯೇ ದೊರೆಯಲಿಲ್ಲ. ವಿರ್ಖೋವಿನ 1855ರ ಲೇಖನದಲ್ಲಿ ರೆಮಾಕನ ಹೆಸರಿಲ್ಲ. ರೆಮಾಕನು ನೊಂದು ವಿರ್ಖೋವಿಗೆ ಕಾಗದ ಬರೆದನು. ದುರ್ಬಲರ ಪರವಾಗಿ ಸರಕಾರವನ್ನೇ ಎದುರಿಸಿದ ಮಹನೀಯನು ತನ್ನ ಪಕ್ಕದಲ್ಲಿಯೇ ದುಡಿಯುತ್ತಿದ್ದ ಇಂಥವನಿಗೆ ಸಲ್ಲಬೇಕಾದ ಕೀರ್ತಿಯನ್ನು ಸಲ್ಲಿಸದೆ ಹೋದುದು ನಮಗೆ ಕ್ಷಮ್ಯವೆಂದು ತೋರುವುದಿಲ್ಲ. ಸಿದ್ಧಾಂತವನ್ನು ರೋಗಗಳಿಗೆ ಅನ್ವಯಿಸಿದುದು ವಿರ್ಖೋವಿನ ಸ್ವಂತ ಸಾಧನೆಯೆಂಬುದೂ ಅಷ್ಟೇ ನಿಜ.

ಆ ಕೋಶದೊಳಗೆ ಏನಿದೆಯೆಂಬುದನ್ನು ಇಂದು ನಾವು ವಿರ್ಖೋವಿಗಿಂತ ಎಷ್ಟೋ ಹೆಚ್ಚಾಗಿ ಬಲ್ಲೆವು. ಮನುಷ್ಯಶರೀರದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆಯೆಂದು ಎಣಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಮಿಲಿಮೀಟರಿನ ನೂರನೆಯ ಒಂದು ಪಾಲಿನ ಆಸುಪಾಸಿನವು. ಕೋಶದ ಸುತ್ತಲೂ ಜಿಡ್ಡಿನ ಎರಡು ಪದರಗಳ ಪೊರೆಯೊಂದುಂಟು. ಅದು ಬರಿಯ ಗೋಡೆಯಲ್ಲ, ಸುಂಕದ ಕಟ್ಟೆ; ಒಳಕ್ಕೆ ಬರತಕ್ಕ ಉಪ್ಪು, ಸಕ್ಕರೆ, ನೀರು ಎಲ್ಲವೂ ಅಲ್ಲಿ ತಪಾಸಣೆಯಾಗಿಯೇ ಬರಬೇಕು. ನಡುವಿನ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ನೂಲು ಸುತ್ತಿಟ್ಟಿದೆ. ಒಂದು ಕೋಶದ ನೂಲನ್ನೆಲ್ಲ ಬಿಡಿಸಿ ಹಿಡಿದರೆ ಸುಮಾರು ಎರಡು ಮೀಟರ್ ಉದ್ದವಾಗುತ್ತದೆ. ಶರೀರವನ್ನು ಕಟ್ಟುವ ಬಗೆಯೆಲ್ಲವೂ ಅದರಲ್ಲಿ ಬರೆದಿದೆ. ಆ ಬರಹದ ನಕಲುಗಳು ಹೊರಗೆ ಬಂದು ರೈಬೊಸೋಮ್‌ಗಳೆಂಬ ಕಣಗಳನ್ನು ಸೇರಿದಾಗ ಅಲ್ಲಿ ಪ್ರೋಟೀನುಗಳು ತಯಾರಾಗುತ್ತವೆ. ಮೈಟೊಕಾಂಡ್ರಿಯಗಳೆಂಬ ಒಲೆಗಳು ಉಸಿರಿನ ಆಮ್ಲಜನಕದಿಂದ ಅನ್ನವನ್ನು ಉರಿಸಿ ಶಕ್ತಿಯನ್ನು ಒದಗಿಸುತ್ತವೆ. ಈ ಒಲೆಗಳು ಅತ್ಯಂತ ಪುರಾತನ ಕಾಲದಲ್ಲಿ ಸ್ವತಂತ್ರವಾಗಿದ್ದ ಬ್ಯಾಕ್ಟೀರಿಯಗಳ ವಂಶದವು. ಅತಿಥಿಗಳಾಗಿ ಒಳಹೊಕ್ಕು ಮನೆಯವರೇ ಆಗಿಬಿಟ್ಟವು. ಸವೆದುದನ್ನು ಜೀರ್ಣಿಸಿ ಬಿಡುವ ಚೀಲಗಳೂ ಉಂಟು. ಕೋಶವು ಒಡೆದು ಎರಡಾಗುವ ಮುನ್ನ ಆ ನೂಲಿನ ಇನ್ನೊಂದು ಪ್ರತಿಯನ್ನು ತೆಗೆದು, ಎರಡು ಮಕ್ಕಳಿಗೂ ಸಮಭಾಗವಾಗಿ ಹಂಚುತ್ತದೆ.

ನರದ ಕೋಶವೂ ಸ್ನಾಯುವಿನ ಕೋಶವೂ ಒಂದೇ ಬರಹವನ್ನು ಹೊಂದಿದ್ದು, ತನ್ನ ತನ್ನ ಕೆಲಸಕ್ಕೆ ಬೇಕಾದ ಪುಟಗಳನ್ನು ಮಾತ್ರ ಓದುತ್ತವೆ. ಆಮ್ಲಜನಕವನ್ನು ಹೊರುವ ಕೆಂಪು ರಕ್ತಕಣವಂತೂ ಹೊರೆಗೆ ಎಡೆಮಾಡಿಕೊಡಲು ತನ್ನ ಕೇಂದ್ರವನ್ನೇ ಬಿಟ್ಟುಕೊಟ್ಟು, ಸುಮಾರು 120 ದಿನ ಬಾಳಿ ಅಳಿಯುತ್ತದೆ. ಕ್ಯಾನ್ಸರೆಂಬುದೂ ಹೊರಗಿನಿಂದ ಬಂದ ಭೂತವಲ್ಲ. ಕಟ್ಟಳೆಯನ್ನು ಮೀರಿ ಒಡೆಯುತ್ತಲೇ ಹೋಗುವ ನಮ್ಮದೇ ಕೋಶವದು. ಅಡುಗೆಯವಳ ಬಿಳಿಯ ರಕ್ತದಲ್ಲಿ ವಿರ್ಖೋ ಕಂಡುದು ಇದನ್ನೇ. ಶರೀರವನ್ನು ಆತನು ಕೋಶಗಳೆಂಬ ಪ್ರಜೆಗಳ ರಾಜ್ಯವೆಂದು ವರ್ಣಿಸುತ್ತಿದ್ದನು. ಅದರಲ್ಲಿ ಶಕ್ತಿ ಬೇರೆ ಬೇರೆಯಾದರೂ ಎಲ್ಲರೂ ಬದುಕಲು ಹಕ್ಕುಳ್ಳವರು, ಒಬ್ಬರನ್ನೊಬ್ಬರು ಅವಲಂಬಿಸಿದವರು. ರಾಜಕಾರಣದ ವಿಚಾರವು ಶಾಸ್ತ್ರದೊಳಗೆ ನುಸುಳಿತೆಂದು ಕೆಲವರು ಆಕ್ಷೇಪಿಸಬಹುದು. ನಮಗೆ ಅದು ಉಪಮೆಯಾಗಿ ಚೆನ್ನಾಗಿಯೇ ತೋರುತ್ತದೆ.

1856ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯವು ಆತನನ್ನು ಮರಳಿ ಕರೆಯಿತು. ತನಗಾಗಿ ಹೊಸ ರೋಗಶಾಸ್ತ್ರ ಮಂದಿರವೊಂದನ್ನು ಕಟ್ಟಿಸಿಕೊಡಬೇಕೆಂಬ ಕರಾರಿನ ಮೇಲೆ ಆತನು ಬಂದನು. 1859ರಲ್ಲಿ ನಗರಸಭೆಯ ಸದಸ್ಯನಾಗಿ ಕೊನೆಯವರೆಗೂ ಆ ಸ್ಥಾನದಲ್ಲಿದ್ದನು. ಬರ್ಲಿನ್ನಿನ ಕೊಳಚೆಯು ಆಗ ತೆರೆದ ಚರಂಡಿಗಳಲ್ಲಿ ಹರಿದು ನದಿಯನ್ನು ಸೇರುತ್ತಿತ್ತು. ವಿರ್ಖೋವಿನ ಸಮಿತಿಯು ವರ್ಷಗಟ್ಟಲೆ ಲೆಕ್ಕ ಹಾಕಿತು. ಹೋಬ್ರೆಕ್ಟ್ ಎಂಬ ಎಂಜಿನಿಯರನು ನೆಲದೊಳಗೆ ಕೊಳವೆಗಳನ್ನು ಹಾಯಿಸಿ, ಕೊಳಚೆಯನ್ನು ಊರಾಚೆಯ ಹೊಲಗಳಿಗೆ ಹರಿಸಿದನು. ವೈದ್ಯರ ಚೀಟಿಗಳಿಂದ ಬದುಕಿದವರಿಗಿಂತ ಈ ಕೊಳವೆಗಳಿಂದ ಬದುಕಿದವರೇ ಹೆಚ್ಚೆಂದು ನಾವು ನಂಬುತ್ತೇವೆ. ನಗರಸಭೆಗಳಲ್ಲಿ ಕುಳಿತಿರುವ ಮಹಾಶಯರು ಈ ಅಧ್ಯಾಯವನ್ನು ಓದಬಹುದು.

1861ರಲ್ಲಿ ಪ್ರಗತಿಪಕ್ಷದ ಸ್ಥಾಪಕರಲ್ಲೊಬ್ಬನಾಗಿ, ಶಾಸನಸಭೆಯಲ್ಲಿ ಬಿಸ್ಮಾರ್ಕನ ಸೈನ್ಯವೆಚ್ಚವನ್ನು ವಿರೋಧಿಸಿದನು. 1865ರಲ್ಲಿ ಬಿಸ್ಮಾರ್ಕನು ಕೋಪಗೊಂಡು ದ್ವಂದ್ವಯುದ್ಧಕ್ಕೆ ಕರೆದನು, ವಿರ್ಖೋ ಹೋಗಲಿಲ್ಲ. ಆಯುಧಗಳ ಬದಲು ಹುಳುಬಿದ್ದ ಮಾಂಸವನ್ನು ತಿನ್ನುವ ಪಂಥವನ್ನು ಆತನು ಒಡ್ಡಿದನೆಂದು ಒಂದು ಸ್ವಾರಸ್ಯದ ಕಥೆ ಹಬ್ಬಿದೆ. ಅದು ಕಟ್ಟುಕಥೆಯೆಂದೇ ತೋರುತ್ತದೆ. ಮಾಂಸದ ತಪಾಸಣೆಯು ಕಡ್ಡಾಯವಾಗಬೇಕೆಂದು ಆತನು ಹೋರಾಡಿದುದು ಮಾತ್ರ ನಿಜ. ಜರ್ಮನರೆಲ್ಲರೂ ಹೊಂಗೂದಲಿನ ಒಂದೇ ಶುದ್ಧ ಕುಲದವರೆಂಬ ವಾದವು ತಲೆಯೆತ್ತಿದಾಗ ಸುಮಾರು 67 ಲಕ್ಷ ಶಾಲಾಮಕ್ಕಳ ಕೂದಲು ಕಣ್ಣುಗಳ ಬಣ್ಣವನ್ನು ಬರೆಯಿಸಿ, ಎಲ್ಲೆಲ್ಲಿಯೂ ಬೆರಕೆಯೇ ಇದೆಯೆಂದು ತೋರಿಸಿದನು. ಮುಂದೆ 1933ರಿಂದ ಆ ದೇಶವನ್ನಾಳಿದವರು ಈ ಲೆಕ್ಕವನ್ನು ಲಕ್ಷಿಸಲಿಲ್ಲ.

ವೃದ್ಧಾಪ್ಯದಲ್ಲಿ ಹಿರಿಯರಿಗೆ ಬರುವ ಒಂದು ದೋಷವು ಆತನಿಗೂ ಬಂದಿತು. 1882ರಲ್ಲಿ ರಾಬರ್ಟ್ ಕಾಖ್ ಎಂಬ ತರುಣ ವೈದ್ಯನು ಕ್ಷಯದ ಕ್ರಿಮಿಯನ್ನು ಕಂಡುಹಿಡಿದಾಗ ವಿರ್ಖೋ ಸಂಶಯದಿಂದಲೇ ನೋಡಿದನು. ರೋಗವು ಕೋಶದಲ್ಲಿದೆಯೆಂದು ಸಾಧಿಸಿದವನಿಗೆ ಹೊರಗಿನ ಕ್ರಿಮಿಯೊಂದೇ ಕಾರಣವೆಂಬ ಮಾತು ರುಚಿಸಲಿಲ್ಲ. ಕ್ರಿಮಿಯನ್ನು ಕೊಂದರಾಯಿತೆಂದು ಹೇಳಿ ಸರಕಾರಗಳು ಬಡತನವನ್ನು ಮರೆತುಬಿಡಬಹುದೆಂಬ ಭಯಕ್ಕೆ ಎಡೆಯಿದ್ದುದೂ ಸುಳ್ಳಲ್ಲ.

1902ನೆಯ ಇಸವಿ ಜನವರಿಯಲ್ಲಿ, 80 ತುಂಬಿದ್ದ ಆ ವೃದ್ಧನು ಚಲಿಸುತ್ತಿದ್ದ ಟ್ರಾಮ್ ಗಾಡಿಯಿಂದ ಹಾರಿ ಇಳಿಯಲು ಹೋಗಿ ತೊಡೆಯ ಮೂಳೆಯನ್ನು ಮುರಿದುಕೊಂಡನು. ಪೂರ್ಣವಾಗಿ ಚೇತರಿಸಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ 5ರಂದು ಕಾಲವಾದನು.

ಸೈಲೀಷಿಯದ ಜ್ವರದ ಗುಟ್ಟು ಹೊರಬಿದ್ದುದು ಆ ಮೇಲೆ. 1909ರಲ್ಲಿ ಚಾರ್ಲ್ಸ್ ನಿಕೋಲ್ ಎಂಬಾತನು ಟ್ಯೂನಿಸಿನಲ್ಲಿ, ಬಟ್ಟೆಯ ಮಡಿಕೆಗಳಲ್ಲಿ ಬಾಳುವ ಕೂರೆಯೇ ಟೈಫಸನ್ನು ಒಬ್ಬರಿಂದೊಬ್ಬರಿಗೆ ಹರಡುವುದೆಂದು ತೋರಿಸಿದನು. ರಿಕೆಟ್ಸ್ ಮತ್ತು ಪ್ರೊವಾಜೆಕ್ ಎಂಬಿಬ್ಬರು ಅದರ ಕ್ರಿಮಿಯನ್ನು ಹುಡುಕುತ್ತಾ ಅದೇ ಜ್ವರದಿಂದ ಒಬ್ಬನು 1910ರಲ್ಲಿ, ಮತ್ತೊಬ್ಬನು 1915ರಲ್ಲಿ ಮಡಿದರು. ಕ್ರಿಮಿಗೆ ಅವರಿಬ್ಬರ ಹೆಸರನ್ನೇ ಸೇರಿಸಿ ಇಟ್ಟಿದ್ದಾರೆ. ಅದು ಸ್ವತಂತ್ರವಾಗಿ ಬೆಳೆಯಲಾರದು. ಮನುಷ್ಯನ ರಕ್ತನಾಳಗಳ ಒಳಮೈಯನ್ನು ಹಾಸಿರುವ ಜೀವಕೋಶಗಳ ಒಳಹೊಕ್ಕು, ಅಲ್ಲಿಯೇ ಇಮ್ಮಡಿ ನಾಲ್ಮಡಿಯಾಗಿ ಹೆಚ್ಚಿ, ಕೋಶವನ್ನು ಒಡೆದುಕೊಂಡು ಹೊರಬೀಳುತ್ತದೆ. ಅದನ್ನು ಹೊತ್ತು ತಿರುಗುವ ಕೂರೆಯು ಇರುವುದು, ಚಳಿಯಲ್ಲಿ ಬದಲಾಯಿಸಲು ಇನ್ನೊಂದು ಬಟ್ಟೆಯಿಲ್ಲದೆ ಒಂದೇ ಕೋಣೆಯಲ್ಲಿ ಒತ್ತಾಗಿ ಮಲಗುವವರ ಮೈಮೇಲೆ.